ಐಸ್‌ಲ್ಯಾಂಡಿನ ಗಾಳಿಮಳೆಗೆ ಏನೇನು ಕಟ್ಟಿಕೊಳ್ಳಬೇಕು?

ಪ್ರಶ್ನೆ: ಸೆಪ್ಟೆಂಬರ್ ಎರಡನೇ ವಾರ ಹತ್ತು ದಿನಕ್ಕೆ ಐಸ್‌ಲ್ಯಾಂಡಿಗೆ ಹೊರಟಿದ್ದೇವೆ. ನಾವು ಗಂಡ ಹೆಂಡತಿ, 62 ವರ್ಷದ ಅತ್ತೆ, ಎಂಟು ವರ್ಷದ ಮಗಳು. ಕಾರು ಬಾಡಿಗೆಗೆ ತೆಗೆದುಕೊಂಡು, ದ್ವೀಪವನ್ನು ಸುತ್ತುವ ಹೆದ್ದಾರಿ ರಿಂಗ್ ರೋಡ್ ಪೂರ್ತಿ ಸುತ್ತುವ ಯೋಚನೆ ಇದೆ. ಒಬ್ಬೊಬ್ಬರಿಗೆ 23 ಕಿಲೋ ಚೆಕ್-ಇನ್, 7 ಕಿಲೋ ಕ್ಯಾಬಿನ್ ಬ್ಯಾಗ್. ಒಂದೇ ದಿನದಲ್ಲಿ ಬಿಸಿಲು, ಮಳೆ, ಆಲಿಕಲ್ಲು ಎಲ್ಲವೂ ಬರುತ್ತದಂತೆ. ದಪ್ಪ ಚಳಿಗಾಲದ ಕೋಟು ನಾಲ್ಕು ಕೊಳ್ಳಬೇಕೇ? ಅತ್ತೆ ಸೀರೆ ಬಿಟ್ಟು ಬೇರೇನೂ ಉಟ್ಟವರಲ್ಲ, ಅವರಿಗೆ ಏನು ಮಾಡುವುದು?

ಉತ್ತರ: ದಪ್ಪ ಕೋಟು ಬೇಡ. ಆ ದುಡ್ಡನ್ನು ನಾಲ್ಕು ಒಳ್ಳೆಯ ಮಳೆ ಜಾಕೆಟ್‌ಗೆ, ನಾಲ್ಕು ಮಳೆ ಪ್ಯಾಂಟ್‌ಗೆ ಹಾಕಿ. ಐಸ್‌ಲ್ಯಾಂಡ್ ಎಂಬ ಹೆಸರು ಕೇಳಿದ ಕೂಡಲೇ ಎಲ್ಲರೂ ಚಳಿಗೆ ಹೆದರಿ ಬಟ್ಟೆ ಕಟ್ಟುತ್ತಾರೆ. ಸೆಪ್ಟೆಂಬರಿನಲ್ಲಿ ರಾಜಧಾನಿ ರೇಕ್ಯಾವಿಕ್‌ನಲ್ಲಿ ಹಗಲು 10–11 ಡಿಗ್ರಿ, ರಾತ್ರಿ 5–6 ಡಿಗ್ರಿ ಇರುವುದು ಸಾಮಾನ್ಯ. ಬರೀ ಇಷ್ಟೇ ಆಗಿದ್ದರೆ ಒಂದು ಒಳ್ಳೆಯ ಸ್ವೆಟರ್ ಸಾಕಿತ್ತು. ಜನ ಸೋತುಹೋಗುವುದು ಗಾಳಿ ಮತ್ತು ಒದ್ದೆ ಎರಡೂ ಒಟ್ಟಿಗೆ ಬಂದಾಗ. ಥರ್ಮಾಮೀಟರ್ 5 ಡಿಗ್ರಿ ತೋರಿಸುತ್ತಿದ್ದರೂ ಗಂಟೆಗೆ 50 ಕಿ.ಮೀ. ಗಾಳಿ ಬೀಸಿದರೆ ಮುಖಕ್ಕೆ ಅದು ಸುಮಾರು ಮೈನಸ್ 1 ಡಿಗ್ರಿಯಷ್ಟು ತಣ್ಣಗೆ ತಟ್ಟುತ್ತದೆ. ಅದೂ ಒಣಗಿದ ಚರ್ಮದ ಲೆಕ್ಕ. ಮೈಗಂಟಿದ ಬಟ್ಟೆ ನೆನೆದಿದ್ದರೆ ಮೈಬಿಸಿ ಇನ್ನೂ ಬೇಗ ಸೋರಿಹೋಗುತ್ತದೆ, ಏಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ದಪ್ಪ ಕೋಟಿಗೆ ಒಮ್ಮೆ ನೀರು ಹಿಡಿಯಿತೆಂದರೆ ಹತ್ತು ದಿನದ ಪ್ರವಾಸದಲ್ಲಿ ಅದು ಸರಿಯಾಗಿ ಒಣಗುವುದೇ ಇಲ್ಲ.

ಅಲ್ಲಿನ ಹವೆ ಹೇಗೆ ನಡೆಯುತ್ತದೆ ಎಂದು ತಿಳಿದರೆ ಬಟ್ಟೆಯ ಆಯ್ಕೆ ಸುಲಭ. ದಕ್ಷಿಣದಿಂದ ಬರುವ ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ, ಗ್ರೀನ್‌ಲ್ಯಾಂಡ್ ಕಡೆಯಿಂದ ಇಳಿಯುವ ತಣ್ಣನೆಯ ಪ್ರವಾಹ, ಎರಡೂ ಈ ದ್ವೀಪದ ಸುತ್ತ ಸಂಧಿಸುತ್ತವೆ. ವಾಯುಭಾರ ಕುಸಿತಗಳು ಒಂದರ ಹಿಂದೊಂದು ಇದೇ ದಾರಿಯಲ್ಲಿ ಹಾದುಹೋಗುತ್ತವೆ. ಒಂದು ಕುಸಿತ ದಾಟುವಷ್ಟರಲ್ಲಿ ಗಾಳಿಯ ದಿಕ್ಕು ತಿರುಗುತ್ತದೆ, ಅದರ ಜೊತೆಗೆ ಮಳೆ ಬೀಳುವ ಮಗ್ಗುಲೂ ಬದಲಾಗುತ್ತದೆ. ದಕ್ಷಿಣದ ಗಾಳಿಯಿದ್ದ ದಿನ ದಕ್ಷಿಣ ತೀರದ ಊರಾದ ವಿಕ್‌ನಲ್ಲಿ ಜಡಿಮಳೆ ಹೊಡೆಯುತ್ತಿದ್ದರೆ, ಬೆಟ್ಟ ಮತ್ತು ಹಿಮನದಿಗಳ ಆಚೆ ಉತ್ತರದ ಅಕುರೇರಿಯಲ್ಲಿ ಬಿಸಿಲಿರಬಹುದು. ಮಾರನೆಯ ದಿನ ತಿರುಗಾಮುರುಗಾ. ರಿಂಗ್ ರೋಡಿನ ಸುಮಾರು 1,300 ಕಿ.ಮೀ. ಸುತ್ತುವ ನಿಮಗೆ ಎರಡೂ ಮಗ್ಗುಲು ಸಿಗುತ್ತವೆ. ಹಾಗಾಗಿ ಯಾವ ಹವೆ ಬರುತ್ತದೆ ಎಂದು ಊಹಿಸಿ ಕಟ್ಟಲು ಹೋಗಬೇಡಿ. ದಿನಕ್ಕೆ ನಾಲ್ಕೈದು ಸಲ ಹಾಕಿ ತೆಗೆಯಲು ಬರುವಂತೆ ಕಟ್ಟಿ. ಕಾರಿನೊಳಗೆ ಹೀಟರ್, ಇಳಿದರೆ ಗಾಳಿ, ಜಲಪಾತದ ಹತ್ತಿರ ತುಂತುರು, ಬೆಟ್ಟ ಹತ್ತಿದರೆ ಬೆವರು, ಹೋಟೆಲಿಗೆ ಹೊಕ್ಕರೆ ಸೆಕೆ. ಅಲ್ಲಿ ಹತ್ತರಲ್ಲಿ ಒಂಬತ್ತು ಮನೆಗಳು ಭೂಗರ್ಭದ ಬಿಸಿನೀರಿನಿಂದ ಬೆಚ್ಚಗಿರುತ್ತವೆ, ಒಳಗೆ ಸ್ವೆಟರ್ ಕೂಡ ಬೇಡವಾಗುತ್ತದೆ.

ಮೈಗೆ ಅಂಟುವ ಬಟ್ಟೆಯಿಂದ ಶುರು ಮಾಡೋಣ. ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ಒಬ್ಬರಿಗೆ ಮೇಲಿನದು ಎರಡು, ಕೆಳಗಿನದು ಎರಡು. ಮೆರಿನೋ ತುಸು ಒದ್ದೆಯಾದರೂ ಬೆಚ್ಚಗಿರುತ್ತದೆ, ಮೂರು ದಿನ ಹಾಕಿದರೂ ವಾಸನೆ ಹಿಡಿಯುವುದಿಲ್ಲ. ಪಾಲಿಯೆಸ್ಟರ್ ಅಗ್ಗ, ಬೇಗ ಒಣಗುತ್ತದೆ, ಆದರೆ ಎರಡನೇ ದಿನಕ್ಕೇ ಒಗೆಯಬೇಕು. ಹತ್ತಿಯದು ಯಾವುದೂ ಬೇಡ: ಬನಿಯನ್ ಬೇಡ, ಹತ್ತಿ ಟೀ-ಶರ್ಟ್ ಬೇಡ, ಜೀನ್ಸ್ ಅಂತೂ ಬೇಡವೇ ಬೇಡ. ಹತ್ತಿ ಬೆವರನ್ನೂ ಮಳೆಯನ್ನೂ ಹೀರಿ ಹಾಗೇ ಇಟ್ಟುಕೊಳ್ಳುತ್ತದೆ. ಬೆಟ್ಟ ಹತ್ತುವಾಗ ಬೆವರಿ, ಮೇಲೆ ಹೋಗಿ ಗಾಳಿಗೆ ನಿಂತಾಗ ನಡುಕ ಹುಟ್ಟುವುದು ಇದರಿಂದಲೇ. ಹಿಮನದಿಯ ಮೇಲೆ ಕರೆದೊಯ್ಯುವ ಎಷ್ಟೋ ಗೈಡ್‌ಗಳು ಜೀನ್ಸ್ ಹಾಕಿ ಬಂದವರನ್ನು ಸೇರಿಸಿಕೊಳ್ಳುವುದೂ ಇಲ್ಲ.

ಅದರ ಮೇಲೆ ಒಂದು ಫ್ಲೀಸ್, ಅಂದರೆ ಸಿಂಥೆಟಿಕ್ ನಾರಿನ ಮೆತ್ತನೆಯ ಬೆಚ್ಚನೆ ಮೇಲಂಗಿ. ತಲೆಯ ಮೇಲಿಂದ ಹಾಕುವ ಸ್ವೆಟರ್ ಅಲ್ಲ, ಮುಂದೆ ಪೂರ್ತಿ ಜಿಪ್ ಇರುವುದು, ಸೀಟ್ ಬೆಲ್ಟ್ ಹಾಕಿಕೊಂಡೇ ಬಿಚ್ಚಲು ಬರುವಂಥದು. ಅದಕ್ಕೂ ಮೇಲೆ ಒಂದು ತೆಳು ಪಫರ್ ಜಾಕೆಟ್. ಇದರಲ್ಲಿ ಹಕ್ಕಿಯ ಪುಕ್ಕ ತುಂಬಿದ್ದಕ್ಕಿಂತ ಸಿಂಥೆಟಿಕ್ ತುಂಬಿದ್ದನ್ನು ಆರಿಸಿ. ಪುಕ್ಕ ಒಣಗಿದ್ದಾಗ ಹಗುರ, ಬಹಳ ಬೆಚ್ಚಗೆ; ಒದ್ದೆಯಾದ ಕೂಡಲೇ ಮುದ್ದೆಗಟ್ಟಿ ಕೆಲಸಕ್ಕೆ ಬಾರದಾಗುತ್ತದೆ. ಸಿಂಥೆಟಿಕ್ ತುಸು ಭಾರವಾದರೂ ನೆನೆದ ಮೇಲೂ ಅಷ್ಟಿಷ್ಟು ಬೆಚ್ಚಗಿಡುತ್ತದೆ. ಇದನ್ನು ನಡೆಯುವಾಗ ಹಾಕಬೇಡಿ, ಬೆವರುತ್ತೀರಿ. ಸುಮ್ಮನೆ ನಿಲ್ಲುವಾಗ ಹಾಕಿ. ಸೆಪ್ಟೆಂಬರಿನಲ್ಲಿ ರಾತ್ರಿ ಮೋಡ ಸರಿದರೆ ಉತ್ತರ ಧ್ರುವ ಪ್ರಭೆ ಕಾಣಿಸುವ ಅವಕಾಶವಿದೆ. ಅದಕ್ಕಾಗಿ ಮುಕ್ಕಾಲು ಗಂಟೆ ಕತ್ತಲಲ್ಲಿ ಅಲ್ಲಾಡದೆ ನಿಲ್ಲುವುದೇ ಇಡೀ ಪ್ರವಾಸದ ಅತಿ ಚಳಿಯ ಹೊತ್ತು.

ಈಗ ಮಳೆ ಜಾಕೆಟ್. ಹೆಚ್ಚು ಗಮನ ಇದಕ್ಕೇ ಕೊಡಿ. ಲೇಬಲ್ ಮೇಲೆ 'ವಾಟರ್ ರೆಸಿಸ್ಟೆಂಟ್' ಎಂದಿದ್ದರೆ ಅದು ಹತ್ತು ನಿಮಿಷದ ತುಂತುರಿಗೆ ಮಾತ್ರ. 'ವಾಟರ್‌ಪ್ರೂಫ್' ಎಂದಿದ್ದು, ಪಕ್ಕದಲ್ಲಿ ಕನಿಷ್ಠ 10,000 ಮಿ.ಮೀ. ಎಂಬ ಸಂಖ್ಯೆ ಇರಬೇಕು. 20,000 ಇದ್ದರೆ ಇನ್ನೂ ಒಳ್ಳೆಯದು. ಅಷ್ಟು ಎತ್ತರದ ನೀರಿನ ಕಂಬ ಮೇಲೆ ನಿಂತರೂ ಬಟ್ಟೆ ಸೋರುವುದಿಲ್ಲ ಎಂದು ಆ ಸಂಖ್ಯೆಯ ಅರ್ಥ. ಬ್ಯಾಗಿನ ಪಟ್ಟಿ ಒತ್ತುವ ಹೆಗಲು, ಒದ್ದೆ ಬಂಡೆಯ ಮೇಲೆ ಕೂರುವ ಜಾಗ, ಅಡ್ಡ ಬೀಸುವ ಮಳೆ, ಈ ಮೂರಕ್ಕೆ ಆ ಶಕ್ತಿ ಬೇಕಾಗುತ್ತದೆ. ಜಾಕೆಟನ್ನು ಒಳಮಗ್ಗುಲು ಮಾಡಿ ನೋಡಿ: ಹೊಲಿಗೆಗಳ ಮೇಲೆಲ್ಲ ಟೇಪ್ ಅಂಟಿಸಿರಬೇಕು. ಟೇಪ್ ಇಲ್ಲದಿದ್ದರೆ ಸೂಜಿ ಹೋದ ಪ್ರತಿ ತೂತಿನಿಂದಲೂ ನೀರು ಇಳಿಯುತ್ತದೆ. ತೋಳಿನ ತುದಿಗೆ ವೆಲ್ಕ್ರೋ, ಕೆಳ ಅಂಚಿಗೆ ಎಳೆಯುವ ದಾರ, ಉದ್ದ ಸೊಂಟದಿಂದ ಕೆಳಕ್ಕೆ. ಒಳಗೆ ಥರ್ಮಲ್, ಫ್ಲೀಸ್, ಪಫರ್ ಮೂರೂ ಹಾಕಿಕೊಂಡೇ ಅಳತೆ ನೋಡಿ, ಎರಡೂ ಕೈ ಮೇಲೆತ್ತಿ. ಹೊಟ್ಟೆ ಕಾಣಿಸಿದರೆ ಒಂದು ಸೈಜ್ ದೊಡ್ಡದು ಬೇಕು.

ಹುಡ್ ಪರೀಕ್ಷೆ ಬೇರೆಯೇ ಇದೆ. ಹುಡ್ ಹಾಕಿ ದಾರ ಬಿಗಿದು ತಲೆಯನ್ನು ಬಲಕ್ಕೆ ತಿರುಗಿಸಿ. ಹುಡ್ ತಲೆಯ ಜೊತೆಗೆ ತಿರುಗಬೇಕು. ಅದು ಇದ್ದಲ್ಲೇ ಇದ್ದು ನಿಮ್ಮ ಒಂದು ಕಣ್ಣು ಮುಚ್ಚಿದರೆ ಅಂಥ ಜಾಕೆಟ್ ಬೇಡ. ರಸ್ತೆ ದಾಟುವಾಗ ಬರುವ ವಾಹನ ಕಾಣುವುದಿಲ್ಲ. ಕನ್ನಡಕ ಹಾಕುವವರು ಹುಡ್ ಒಳಗೆ ಮುಂಚಾಚು ಇರುವ ಟೋಪಿ ಹಾಕಿಕೊಂಡರೆ ಗಾಜಿನ ಮೇಲೆ ಬೀಳುವ ನೀರು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಮನೆಯಲ್ಲಿ ಈಗಾಗಲೇ ಜಾಕೆಟ್ ಇದ್ದರೆ ಹೊಸದು ಕೊಳ್ಳುವ ಮುಂಚೆ ಪರೀಕ್ಷಿಸಿ. ಬಚ್ಚಲಲ್ಲಿ ಜಾಕೆಟ್ ಹಾಕಿಕೊಂಡು, ಹೆಗಲು, ಎದೆಯ ಜಿಪ್ ಮತ್ತು ಮೊಣಕೈಯ ಒಳಗಡೆ ಟಿಶ್ಯೂ ಕಾಗದ ಇಟ್ಟು, ಶವರ್ ಕೆಳಗೆ ಹತ್ತು ನಿಮಿಷ ನಿಲ್ಲಿ. ಕಾಗದ ಎಲ್ಲಿ ನೆನೆದಿದೆಯೋ ಅಲ್ಲಿ ಸೋರುತ್ತದೆ. ಕಾಗದ ಒಣಗಿಯೇ ಇದ್ದು, ಹೊರಮೈಯಲ್ಲಿ ನೀರು ಹನಿಯಾಗಿ ಜಾರದೆ ಕಪ್ಪಗೆ ಹರಡಿಕೊಂಡಿದ್ದರೆ ಜಾಕೆಟ್ ಕೆಟ್ಟಿಲ್ಲ, ಮೇಲಿನ ನೀರು ಜಾರಿಸುವ ಲೇಪ ಮಾತ್ರ ಸವೆದಿದೆ. ಹಾಗೇ ಬಿಟ್ಟರೆ ಒಳಗಿನ ಬೆವರು ಹೊರಹೋಗದೆ, ಸೋರದ ಜಾಕೆಟ್ ಒಳಗೂ ನೀವು ಒದ್ದೆಯಾಗುತ್ತೀರಿ. ಮಳೆ ಬಟ್ಟೆಗೆಂದೇ ಬರುವ ಸೋಪಿನಲ್ಲಿ ಒಗೆದು, ಬಟ್ಟೆ ಮೃದು ಮಾಡುವ ದ್ರಾವಣ ಹಾಕದೆ, ಲೇಬಲ್ ಒಪ್ಪಿದರೆ ಕಡಿಮೆ ಬಿಸಿಯ ಡ್ರೈಯರ್‌ನಲ್ಲಿ ಒಣಗಿಸಿ. ಲೇಪ ಬಹುಪಾಲು ಚೇತರಿಸಿಕೊಳ್ಳುತ್ತದೆ. ಆಗಲೂ ನೀರು ಜಾರದಿದ್ದರೆ ಅದಕ್ಕೆಂದೇ ಸಿಗುವ ಸ್ಪ್ರೇ ಹೊಡೆಯಿರಿ.

ಮಳೆ ಪ್ಯಾಂಟ್ ಬೇಕಿಲ್ಲ ಎಂದು ಬಿಟ್ಟು ಬರುವವರೇ ಜಾಸ್ತಿ, ಅಲ್ಲಿ ಹೋಗಿ ಮೊದಲು ಹುಡುಕುವುದೂ ಅದನ್ನೇ. ಜಾಕೆಟ್‌ನಿಂದ ಜಾರಿದ ನೀರೆಲ್ಲ ನೇರ ತೊಡೆಗೆ ಬೀಳುತ್ತದೆ. ಸೆಲ್ಯಾಲಂಡ್‌ಫಾಸ್ ಜಲಪಾತದ ಹಿಂದೆ ನಡೆದು ಬರುವ ದಾರಿಯಲ್ಲಿ ಮಳೆ ಇಲ್ಲದ ದಿನವೂ ಅಡಿಯಿಂದ ಮುಡಿವರೆಗೆ ನೆನೆಯುತ್ತೀರಿ, ಸ್ಕೋಗಾಫಾಸ್ ಬುಡದಲ್ಲೂ ಹಾಗೇ. ಕಾಲಿನ ಪಕ್ಕದಲ್ಲಿ ಮೊಣಕಾಲಿನವರೆಗಾದರೂ ಜಿಪ್ ಇರುವ ಪ್ಯಾಂಟ್ ತೆಗೆದುಕೊಂಡರೆ ಬೂಟು ಬಿಚ್ಚದೆ ಹಾಕಬಹುದು. ಒಳಗೆ ಬೇಗ ಒಣಗುವ ಟ್ರೆಕ್ಕಿಂಗ್ ಪ್ಯಾಂಟ್, ತಲಾ ಎರಡು. ಮನೆಯಲ್ಲಿರುವ ಬೈಕಿನ ರೈನ್‌ಕೋಟ್ ನಡೆಯುತ್ತದೆಯೇ? ಪ್ಯಾಂಟು ನಡೆಯುತ್ತದೆ, ಜಲಪಾತದ ಹತ್ತಿರ ಅರ್ಧ ಗಂಟೆ ಹಾಕಿ ತೆಗೆಯಲು ಅದು ಸಾಕು. ಅದರ ಮೇಲಂಗಿ ಬೇಡ, ನಡೆಯುವಾಗ ಬೆವರು ಒಳಗೇ ನಿಂತು ನೆನೆಸಿಬಿಡುತ್ತದೆ. ಕೊಡೆ ಮತ್ತು ಪೊಂಚೋ (ತಲೆಯಿಂದ ಇಳಿಬಿಡುವ, ತೋಳಿಲ್ಲದ ಸಡಿಲ ಮಳೆಹೊದಿಕೆ) ಎರಡನ್ನೂ ಪೆಟ್ಟಿಗೆಯಿಂದ ತೆಗೆದಿಡಿ. ಕೊಡೆ ಮೊದಲ ದಿನವೇ ಮುರಿಯುತ್ತದೆ, ಪೊಂಚೋ ಗಾಳಿಗೆ ಹಾರಿ ಮುಖಕ್ಕೆ ಸುತ್ತಿಕೊಳ್ಳುತ್ತದೆ, ಬಂಡೆ ಅಂಚಿನಲ್ಲಿ ಅದು ಅಪಾಯ.

ಬೂಟು ಕಣಕಾಲು ಮುಚ್ಚುವಂತಿರಲಿ, ನೀರು ಇಳಿಯದಂತಿರಲಿ. ಹಿಮನದಿಯ ನಡಿಗೆಗೆ ಹೋಗುವಿರಾದರೆ ಇದು ಕಡ್ಡಾಯ, ಏಕೆಂದರೆ ಗೈಡ್ ಕೊಡುವ ಕಬ್ಬಿಣದ ಮುಳ್ಳುಪಟ್ಟಿ ಮೆತ್ತನೆಯ ಸ್ಪೋರ್ಟ್ಸ್ ಶೂ ಮೇಲೆ ನಿಲ್ಲುವುದಿಲ್ಲ. ಸಂಜೆ ಹೊತ್ತು, ದಪ್ಪ ಕಾಲುಚೀಲ ಹಾಕಿಕೊಂಡು ಅಳತೆ ನೋಡಿ. ಬೆರಳಿನ ಮುಂದೆ ಒಂದು ಸೆಂಟಿಮೀಟರ್ ಜಾಗ ಇರಬೇಕು. ಚಳಿಗೆಂದು ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಉಣ್ಣೆಯ ಕಾಲುಚೀಲ ತಲಾ ನಾಲ್ಕು ಜೊತೆ ಇರಲಿ, ಅದರಲ್ಲಿ ಒಂದು ಯಾವಾಗಲೂ ಕಾರಿನಲ್ಲಿ. ನೆನೆದ ಬೂಟಿನ ಒಳಹಾಸು ತೆಗೆದು ಪತ್ರಿಕೆ ಕಾಗದ ತುಂಬಿಸಿಡಿ, ಎರಡು ಗಂಟೆಗೊಮ್ಮೆ ಕಾಗದ ಬದಲಿಸಿ. ಹೀಟರ್ ಮೇಲೇ ಇಟ್ಟರೆ ಅಂಟು ಬಿಟ್ಟು ಅಡಿ ಕಿತ್ತುಬರುತ್ತದೆ. ಕಾಲುಚೀಲ, ಥರ್ಮಲ್‌ಗಳನ್ನು ಮಾತ್ರ ರೇಡಿಯೇಟರ್ ಮೇಲೆ ಹರಡಿ, ಬೆಳಗಾಗುವಷ್ಟರಲ್ಲಿ ಒಣಗಿರುತ್ತವೆ.

ಕೈಗವಸು ಎರಡು ಬಗೆ: ಫೋನ್ ಮುಟ್ಟಲು ಬರುವ ತೆಳ್ಳನೆಯದು ಒಳಗೆ, ನೀರು ಹಿಡಿಯದ್ದು ಮೇಲೆ. ಕಿವಿ ಮುಚ್ಚುವ ಟೋಪಿ, ಕುತ್ತಿಗೆಗೆ ಕೊಳವೆಯಂಥ ಬಫ್. ತಂಪು ಕನ್ನಡಕ ಮರೆಯಬೇಡಿ. ಸೂರ್ಯ ಅಲ್ಲಿ ತಗ್ಗಿನಲ್ಲೇ ಚಲಿಸುವುದರಿಂದ ಒದ್ದೆ ರಸ್ತೆಯ ಹೊಳಪು ನೇರ ಡ್ರೈವರ್ ಕಣ್ಣಿಗೆ ಹೊಡೆಯುತ್ತದೆ, ದಕ್ಷಿಣ ತೀರದ ಮಿರ್ಡಾಲ್‌ಸಾಂದುರ್ ಬಯಲಿನಲ್ಲಿ ಗಾಳಿ ಎದ್ದಾಗ ಕಪ್ಪು ಮರಳೂ ಹಾರುತ್ತದೆ.

ನಿಮ್ಮ ಅತ್ತೆಯವರ ವಿಷಯವನ್ನು ನೇರವಾಗಿಯೇ ಹೇಳುತ್ತೇನೆ: ಹೊರಗೆ ಸೀರೆ ಬೇಡ. ಸೆಕೆಂಡಿಗೆ 15 ಮೀಟರ್ ಗಾಳಿಯಲ್ಲಿ ಸೆರಗು, ನೆರಿಗೆ ಎರಡೂ ದೋಣಿಯ ಹಾಯಿಯಂತೆ ಉಬ್ಬಿ ಎಳೆಯುತ್ತವೆ. ಒದ್ದೆ ಮೆಟ್ಟಿಲಿನ ಮೇಲೆ ಕಾಲು ತಪ್ಪಲು ಅಷ್ಟು ಸಾಕು. ಅಂಚು ನೆನೆದರೆ ನೀರು ಮೊಣಕಾಲಿನವರೆಗೆ ಏರುತ್ತದೆ. ಒಳಗೆ ಥರ್ಮಲ್ ಹಾಕಿದರೂ ಮೇಲೆ ಮಳೆ ಪ್ಯಾಂಟ್ ಹಾಕಲು ಬರುವುದಿಲ್ಲ, ತೊಡಕು ಇರುವುದೇ ಅಲ್ಲಿ. ಸಿಂಥೆಟಿಕ್ ಬಟ್ಟೆಯ, ತೊಡೆಯ ಅರ್ಧದವರೆಗಿನ ಕುರ್ತಾ, ಕೆಳಗೆ ಥರ್ಮಲ್ ಮತ್ತು ಸಡಿಲ ಟ್ರ್ಯಾಕ್ ಪ್ಯಾಂಟ್, ಮೇಲೆ ಉದ್ದನೆಯ ಮಳೆ ಜಾಕೆಟ್ ಹೊಲಿಸಿ ಅಥವಾ ಕೊಂಡುಕೊಡಿ. ಸಂಕೋಚ ಹೋಗಲು ಹೊರಡುವ ಮೂರು ವಾರ ಮುಂಚಿನಿಂದಲೇ ಬೆಳಗಿನ ವಾಕಿಂಗ್‌ಗೆ ಅದೇ ಉಡುಪು, ಅದೇ ಬೂಟು ಹಾಕಿಸಿ. ಬೂಟೂ ಅಷ್ಟರಲ್ಲಿ ಕಾಲಿಗೆ ಒಗ್ಗುತ್ತದೆ, ಗುಳ್ಳೆ ಏಳುವುದಿಲ್ಲ. ಸಂಜೆ ಗೆಸ್ಟ್‌ಹೌಸ್‌ನಲ್ಲಿ ಬೆಚ್ಚಗಿರುತ್ತದೆ, ಅಲ್ಲಿ ಅವರು ನೆಮ್ಮದಿಯಾಗಿ ಸೀರೆ ಉಡಲಿ. ಹಗುರವಾದ ಎರಡು ಸೀರೆ ಸಾಕು. ಶಾಲು ಹೊರಗೆ ನಿಲ್ಲುವುದಿಲ್ಲ. ಅದರ ಬದಲು ನಮ್ಮ ಮಂಕಿ ಕ್ಯಾಪ್ ತನ್ನಿ, ಕಿವಿ, ಕತ್ತು, ಗಲ್ಲ ಮೂರನ್ನೂ ಮುಚ್ಚಿ ಹುಡ್ ಒಳಗೆ ಸರಿಯಾಗಿ ಕೂರುತ್ತದೆ. ಮಡಚುವ ಊರುಗೋಲು ಒಂದಿರಲಿ, ಅದನ್ನು ಚೆಕ್-ಇನ್ ಪೆಟ್ಟಿಗೆಯಲ್ಲೇ ಹಾಕಿ. ನಿತ್ಯದ ಮಾತ್ರೆಗಳು ಕ್ಯಾಬಿನ್ ಬ್ಯಾಗಿನಲ್ಲಿ, ಚೀಟಿಯ ಸಮೇತ, ನಾಲ್ಕು ದಿನಕ್ಕೆ ಹೆಚ್ಚುವರಿಯಾಗಿ. ಹಳ್ಳಿಗಾಡಿನಲ್ಲಿ ಔಷಧಿ ಅಂಗಡಿಗಳು ದೂರ ದೂರ.

ಮಗಳಿಗೂ ಇದೇ ಪದರಗಳು, ಆದರೆ ಎಣಿಕೆ ಬೇರೆ. ಮಕ್ಕಳು ನೆನೆಯುವುದು ಕೆಳಗಿನಿಂದ, ಕೂತು ಆಡಿ. ಅಲ್ಲಿನ ಮಕ್ಕಳು ರಬ್ಬರಿನಂಥ ಮಳೆ ಡಂಗ್ರಿ ಹಾಕಿ ಆಡುವುದು ಇದಕ್ಕೇ. ಅವಳ ಒಂದು ಪೂರ್ತಿ ಜೊತೆ ಬಟ್ಟೆ, ಒಳಚಡ್ಡಿಯಿಂದ ಕಾಲುಚೀಲದವರೆಗೆ, ಜಿಪ್‌ಲಾಕ್ ಕವರಿನಲ್ಲಿ ಸೀಟಿನ ಮೇಲೇ ಇರಲಿ. ಕೈಗವಸು ಮೂರು ಜೊತೆ. ಎತ್ತರ 135 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ, ಬಾಡಿಗೆಗೆ ಹೇಳುವಾಗಲೇ ಅದನ್ನೂ ಹೇಳಿಡಿ. ಹಿಮನದಿ ನಡಿಗೆಗೆ ಕನಿಷ್ಠ ವಯಸ್ಸು ಒಂದೊಂದು ಕಂಪನಿಗೆ ಒಂದೊಂದು, ಬುಕ್ ಮಾಡುವ ಮುಂಚೆ ನೋಡಿ.

ಪೆಟ್ಟಿಗೆ ತುಂಬುವ ಕ್ರಮಕ್ಕೂ ಹವೆಗೂ ಸಂಬಂಧವಿದೆ. ನಾಲ್ಕು ದೊಡ್ಡ ಟ್ರಾಲಿ ಪೆಟ್ಟಿಗೆ ಸಾಮಾನ್ಯ ಬಾಡಿಗೆ ಕಾರಿನ ಡಿಕ್ಕಿಯಲ್ಲಿ ಹಿಡಿಯುವುದಿಲ್ಲ. ಎರಡು ಪೆಟ್ಟಿಗೆ, ಎರಡು ಮೆತ್ತನೆಯ ಡಫಲ್ ಬ್ಯಾಗ್ ಮಾಡಿ. ಒಬ್ಬರ ಸಾಮಾನು 12–13 ಕಿಲೋ ದಾಟಬೇಕಿಲ್ಲ. ಪ್ರತಿ ಪೆಟ್ಟಿಗೆಯ ಒಳಗೆ ದಪ್ಪ ಕಸದ ಚೀಲ ಹಾಸಿ ಅದರೊಳಗೆ ಬಟ್ಟೆ ಇಡಿ, ಏಕೆಂದರೆ ಅಡ್ಡ ಮಳೆಯಲ್ಲಿ ಡಿಕ್ಕಿ ಎರಡು ನಿಮಿಷ ತೆರೆದರೆ ಒಳಗಿನದೆಲ್ಲ ನೆನೆಯುತ್ತದೆ. ಹಗಲು ಡಿಕ್ಕಿ ತೆರೆಯುವ ಪ್ರಮೇಯವೇ ಬರಬಾರದು: ನಾಲ್ವರ ಮಳೆ ಪ್ಯಾಂಟ್, ಕೈಗವಸು, ಟೋಪಿ, ಒಣ ಕಾಲುಚೀಲ, ಎರಡು ಟವೆಲ್, ಒಂದು ಲೀಟರ್ ಥರ್ಮಾಸ್, ಇವೆಲ್ಲ ಒಂದು ಚೀಲದಲ್ಲಿ ಹಿಂದಿನ ಸೀಟಿನ ಕಾಲಬಳಿ. ನೆನೆದದ್ದಕ್ಕೆ ಇನ್ನೊಂದು ಪ್ಲಾಸ್ಟಿಕ್ ಚೀಲ.

ಕಾರು ನಿಲ್ಲಿಸುವಾಗ ಮೂತಿ ಗಾಳಿಗೆ ಎದುರಾಗಿರಲಿ. ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಸಲಕ್ಕೆ ಒಂದೇ ಬಾಗಿಲು ತೆರೆಯಿರಿ. ಗಾಳಿ ಬಾಗಿಲನ್ನು ಹಿಂದಕ್ಕೆ ಮುರಿದರೆ ಹೆಚ್ಚಿನ ಬಾಡಿಗೆ ವಿಮೆಗಳಲ್ಲಿ ಅದಕ್ಕೆ ಪರಿಹಾರವಿಲ್ಲ. ಮಗಳಿಗೆ ತಾನಾಗಿ ಬಾಗಿಲು ತೆರೆಯಲು ಬಿಡಬೇಡಿ.

ಈಜುಡುಗೆ ಕಟ್ಟದೆ ಬರಬೇಡಿ, ಮಳೆ ಬಂದ ದಿನ ಬಿಸಿನೀರಿನ ಕೊಳಗಳಷ್ಟು ಸುಖ ಬೇರೆಲ್ಲೂ ಇಲ್ಲ. ಸಾರ್ವಜನಿಕ ಕೊಳಕ್ಕೆ ಇಳಿಯುವ ಮುಂಚೆ ಬಟ್ಟೆಯಿಲ್ಲದೆ ಸೋಪು ಹಚ್ಚಿ ಸ್ನಾನ ಮಾಡಲೇಬೇಕು. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೋಣೆಗಳಿರುತ್ತವೆ. ಅತ್ತೆಯವರಿಗೆ ಮೈಮುಚ್ಚುವ ಉದ್ದ ತೋಳಿನ ಈಜುಡುಗೆ ಒಯ್ಯಿರಿ, ಹತ್ತಿ ಚೂಡಿದಾರ್‌ನಲ್ಲಿ ಇಳಿಯಲು ಬಿಡುವುದಿಲ್ಲ. ಬೆಳ್ಳಿಯ ಕಾಲುಂಗುರ, ಸರ ತೆಗೆದಿಡಿ, ನೀರಿನ ಗಂಧಕ ತಾಗಿ ಕಪ್ಪಾಗುತ್ತವೆ. ಬ್ಲೂ ಲಗೂನ್ ಎಂಬ ಬಿಸಿನೀರಿನ ಕೊಳಕ್ಕೆ ಹೋದರೆ ಕೂದಲಿಗೆ ಮೊದಲೇ ಕಂಡೀಷನರ್ ಹಚ್ಚಿ ಮೇಲೆ ಕಟ್ಟಿ, ಆ ನೀರಿನ ಸಿಲಿಕಾ ಕೂದಲನ್ನು ನಾರಿನಂತೆ ಒರಟು ಮಾಡುತ್ತದೆ.

ಪವರ್ ಬ್ಯಾಂಕ್ ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್ ಆಗುವುದರಿಂದ ವಿಮಾನದಲ್ಲಿ ಬಿಡುವ 100 ವ್ಯಾಟ್-ಅವರ್ ಮಿತಿಯೊಳಗೇ ಇರುತ್ತದೆ. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಫೋನನ್ನು ಒಳಜೇಬಿನಲ್ಲಿಡಿ. ಕ್ಯಾಮೆರಾವನ್ನು ಹೊರಗಿನಿಂದ ಬೆಚ್ಚನೆಯ ಕೋಣೆಗೆ ತರುವ ಮುಂಚೆ ಜಿಪ್‌ಲಾಕ್‌ಗೆ ಹಾಕಿ ಮುಚ್ಚಿ, ಒಂದು ಗಂಟೆ ಬಿಟ್ಟು ತೆರೆದರೆ ಲೆನ್ಸ್ ಒಳಗೆ ಮಂಜು ಕಟ್ಟುವುದಿಲ್ಲ. ಯುರೋಪಿನ ದುಂಡು ಎರಡು ಕಡ್ಡಿಯ ಪ್ಲಗ್, 230 ವೋಲ್ಟ್. ತಿಂಡಿಯಲ್ಲಿ ಅವಲಕ್ಕಿ, ಉಪ್ಪಿಟ್ಟಿನ ಮಿಕ್ಸ್, ಚಟ್ನಿಪುಡಿ ಒಯ್ಯಬಹುದು. ತುಪ್ಪ, ಪನೀರ್, ಹಾಲಿನ ಪುಡಿ, ಮಾಂಸ ಬೇಡ, ಯುರೋಪಿನ ಹೊರಗಿನಿಂದ ಬರುವ ಹಾಲು ಮತ್ತು ಮಾಂಸದ ಪದಾರ್ಥಗಳನ್ನು ಒಳಗೆ ಬಿಡುವುದಿಲ್ಲ. ನೀರಿನ ಬಾಟಲಿ ಕೊಳ್ಳಬೇಕಿಲ್ಲ, ನಲ್ಲಿಯ ತಣ್ಣೀರು ಕುಡಿಯಲು ಬಹಳ ಚೆನ್ನಾಗಿದೆ. ಬಿಸಿನೀರಿನ ನಲ್ಲಿಯಲ್ಲಿ ಗಂಧಕದ ವಾಸನೆ ಇರುತ್ತದೆ, ಥರ್ಮಾಸ್‌ಗೆ ತಣ್ಣೀರನ್ನೇ ಕಾಯಿಸಿ ತುಂಬಿ.

ಪ್ರತಿ ರಾತ್ರಿ ಮತ್ತು ಬೆಳಗ್ಗೆ ಐಸ್‌ಲ್ಯಾಂಡ್ ಹವಾಮಾನ ಇಲಾಖೆಯ ತಾಣ ವೆದುರ್ ಡಾಟ್ ಐಎಸ್ ನೋಡಿ. ಅಲ್ಲಿ ಗಾಳಿಯನ್ನು ಸೆಕೆಂಡಿಗೆ ಎಷ್ಟು ಮೀಟರ್ ಎಂದು ಕೊಡುತ್ತಾರೆ, 3.6ರಿಂದ ಗುಣಿಸಿದರೆ ಗಂಟೆಗೆ ಕಿಲೋಮೀಟರ್ ಸಿಗುತ್ತದೆ. 15 ಎಂದರೆ ಗಂಟೆಗೆ 54 ಕಿ.ಮೀ., ಅತ್ತೆಯವರನ್ನು ಕೈಹಿಡಿದು ನಡೆಸಿ. 20 ಎಂದರೆ 72 ಕಿ.ಮೀ., ಆ ದಿನ ಕಾರು ತೆಗೆಯದೆ ಊರಲ್ಲೇ ಉಳಿಯಿರಿ. ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಏರುತ್ತದೆ. ಕಿತ್ತಳೆ ಬಂದ ಮೇಲೆ ಪ್ರಯಾಣದ ಯೋಚನೆ ಬೇಡ. ಹೀಗಾಗಿ ಹತ್ತು ದಿನದ ಯೋಜನೆಯಲ್ಲಿ ಒಂದು ದಿನವನ್ನಾದರೂ ಖಾಲಿ ಬಿಡಿ.

ಹೊರಡುವ ದಿನ ಬೂಟು ಕಾಲಿಗೆ, ಮಳೆ ಜಾಕೆಟ್ ಕೈಯಲ್ಲಿ, ಫ್ಲೀಸ್ ಮತ್ತು ಒಂದು ಜೊತೆ ಥರ್ಮಲ್ ಕ್ಯಾಬಿನ್ ಬ್ಯಾಗಿನಲ್ಲಿ ಇರಲಿ. ಮಧ್ಯೆ ವಿಮಾನ ಬದಲಿಸುವಾಗ ಪೆಟ್ಟಿಗೆ ಹಿಂದೆ ಉಳಿದರೂ ಮೊದಲ ಎರಡು ದಿನ ನಡೆಯುತ್ತದೆ. ಕೆಫ್ಲಾವಿಕ್ ವಿಮಾನ ನಿಲ್ದಾಣ ಇರುವುದು ಮರವಿಲ್ಲದ ಬಯಲು ಮೂಲೆಯಲ್ಲಿ. ಬಾಗಿಲಿನಿಂದ ಬಾಡಿಗೆ ಕಾರಿನವರೆಗಿನ ಆ ಐದು ನಿಮಿಷಕ್ಕೇ ಜಾಕೆಟ್ ಬೇಕಾಗುತ್ತದೆ. ಸಾಮಾನು ಬರುವ ಬೆಲ್ಟಿನ ಪಕ್ಕದಲ್ಲೇ ನಿಂತು ನಾಲ್ವರೂ ಹಾಕಿಕೊಂಡು, ಹುಡ್ ಬಿಗಿದು ಹೊರಗೆ ಬನ್ನಿ.